ಕೊಲ್ಲಿ ದೇಶಕ್ಕೆ ದುಡಿಯಲು ಹೊರಡುವ ಮುನ್ನ ದಂಪತಿಗಳು ತಿಳಿಯಬೇಕಾದ ಸಂಗತಿಗಳು

ನಮ್ಮ ರಾಜ್ಯದ ಕರಾವಳಿ ತಾಲ್ಲೂಕುಗಳಿಂದಲೂ ಒಳನಾಡಿನ ಹಳ್ಳಿಗಳಿಂದಲೂ ಅನೇಕರು ಸೌದಿ ಅರೇಬಿಯ, ದುಬೈ, ಕುವೈತ್, ಕತಾರ್, ಒಮಾನ್, ಬಹರೇನ್‌ಗಳಿಗೆ ದುಡಿಯಲು ಹೋಗುತ್ತಾರೆ. ಬಹುಪಾಲು ಪತಿ ಹೋಗುತ್ತಾನೆ, ಪತ್ನಿ ಮಕ್ಕಳೊಡನೆ ಊರಿನಲ್ಲಿ ಉಳಿಯುತ್ತಾಳೆ. ಪ್ರಯಾಣದ ಸಿದ್ಧತೆಯೆಂದರೆ ಹಣ ಹೊಂದಿಸುವುದೆಂದೇ ಎಷ್ಟೋ ಮನೆಗಳಲ್ಲಿ ಭಾವಿಸಲಾಗಿದೆ. ಒಡವೆ ಒತ್ತೆಯಿಟ್ಟು, ಜಮೀನಿನ ಮೇಲೆ ಸಾಲ ತಂದು, ಹಣವನ್ನು ಏಜೆಂಟರ ಕೈಗಿತ್ತ ಮೇಲೆ ವೈದ್ಯಪರೀಕ್ಷೆಗೆ ಹೋಗುತ್ತಾರೆ. ಈ ಕ್ರಮ ತಲೆಕೆಳಗಾದುದು. ಮೊದಲು ದೇಹಪರೀಕ್ಷೆ ಆಗಲಿ, ಆಮೇಲೆ ಹಣದ ಮಾತು.

ಇದಕ್ಕೆ ಕಾರಣವಿದೆ. ಕೆಲಸದ ವೀಸಾಕ್ಕಾಗಿ ಆ ದೇಶಗಳು ಒಪ್ಪಿದ ಕೇಂದ್ರಗಳಲ್ಲಿ ಆರೋಗ್ಯ ತಪಾಸಣೆ ಆಗಬೇಕಾಗುತ್ತದೆ. ಅಲ್ಲಿಗೆ ತಲುಪಿದ ಮೇಲೆ ವಾಸದ ಪರವಾನಗಿಗಾಗಿ ಮತ್ತೊಮ್ಮೆ ಪರೀಕ್ಷೆ ನಡೆಯುತ್ತದೆ. ಎದೆಯ ಎಕ್ಸ್‌-ರೇ ತೆಗೆದು ಕ್ಷಯವಿದೆಯೇ ಎಂದು ನೋಡುತ್ತಾರೆ. ಎಚ್‌.ಐ.ವಿ. ಮತ್ತು ಯಕೃತ್ತಿಗೆ ತಗಲುವ ಹೆಪಟೈಟಿಸ್‌ ರೋಗಕ್ಕಾಗಿ ರಕ್ತ ಪರೀಕ್ಷಿಸುತ್ತಾರೆ. ಹೆಂಗಸರಿಗೆ ಗರ್ಭಪರೀಕ್ಷೆಯೂ ಉಂಟು. ಎಂದೋ ವಾಸಿಯಾದ ಕ್ಷಯದ ಕಲೆ ಶ್ವಾಸಕೋಶದಲ್ಲಿ ಉಳಿದಿದ್ದರೂ ಅನರ್ಹನೆಂದು ನಿರ್ಧರಿಸುವ ಸಂಭವವಿದೆ. ಆಗ ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ.

ಆದುದರಿಂದ ಹೊರಡುವ ಆಲೋಚನೆ ಮೂಡಿದೊಡನೆ ಪತಿಪತ್ನಿಯರಿಬ್ಬರೂ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ರೋಗವನ್ನು ಮರೆಮಾಚಿ ಹೊರಟವನು ತನ್ನ ಮನೆಯ ಮಕ್ಕಳಿಗೂ ಅದನ್ನು ಬಿಟ್ಟು ಹೋಗಿರುತ್ತಾನೆ. ಪತ್ನಿಯೂ ಏಕೆ ಹೋಗಬೇಕೆಂದು ಕೇಳುವವರಿಗೆ ಇದೇ ಉತ್ತರ. ಎಚ್‌.ಐ.ವಿ. ಪರೀಕ್ಷೆಯೂ ಉಚಿತ, ಫಲಿತಾಂಶವನ್ನು ಗುಟ್ಟಾಗಿಡುತ್ತಾರೆ.

ಕಾಗದಪತ್ರಗಳ ವಿಷಯ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಹತ್ತನೆಯ ತರಗತಿ ತೇರ್ಗಡೆಯಾಗದವರು ಈ ದೇಶಗಳಿಗೆ ದುಡಿಯಲು ಹೋಗಬೇಕಾದರೆ 1983ರ ವಲಸೆ ಕಾಯಿದೆಯಂತೆ ಸರ್ಕಾರದ ಅನುಮತಿ ಪಡೆಯಬೇಕು. ಇದನ್ನು ತಪ್ಪಿಸಲೆಂದು ಪ್ರವಾಸದ ವೀಸಾದಲ್ಲಿ ಕಳುಹಿಸುವವರಿದ್ದಾರೆ. ಆ ಹಾದಿ ಸೆರೆಮನೆಗೂ ಕೊಂಡೊಯ್ಯಬಹುದು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ, ತೆರಿಗೆ ಬಿಟ್ಟು, 30,000 ರೂಪಾಯಿ ಮೀರಬಾರದೆಂದು ನಿಯಮವಿದೆ. ಲಕ್ಷಗಟ್ಟಲೆ ಕೇಳುವವನನ್ನು ದೂರವಿಡುವುದೇ ಲೇಸು.

ಗಂಟುಮೂಟೆ ಕಟ್ಟುವಾಗ ಗೃಹಿಣಿಯರು ಒಂದು ಮಾತನ್ನು ನೆನಪಿಡಬೇಕು. ನಾವು ಪಾಯಸಕ್ಕೂ ಮಸಾಲೆಗೂ ಬಳಸುವ ಗಸಗಸೆ ಅಫೀಮಿನ ಗಿಡದ ಬೀಜ. ಸೌದಿ ಅರೇಬಿಯದಲ್ಲಿಯೂ ದುಬೈ ಸೇರಿರುವ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿಯೂ ಅದಕ್ಕೆ ನಿಷೇಧವಿದೆ. ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣದಿಂದ ಪತಿಯು ವಿಮಾನನಿಲ್ದಾಣದಲ್ಲಿಯೇ ಬಂಧನಕ್ಕೊಳಗಾದಾನು. ಗಸಗಸೆ ಬೆರೆಸಿದ ಮಸಾಲೆಪುಡಿಯೂ ಬೇಡ. ಟ್ರಮಡಾಲ್‌ ಎಂಬ ನೋವಿನ ಮಾತ್ರೆಗೂ ಕೊಡೀನ್‌ ಇರುವ ಕೆಮ್ಮಿನ ಔಷಧಕ್ಕೂ ಅಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ, ಅಂಗಡಿಯ ಮೂಲ ಪೊಟ್ಟಣದಲ್ಲಿಯೇ ಒಯ್ಯಬೇಕು. ನೆರೆಹೊರೆಯವರು ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬಾರದು.

ಅಲ್ಲಿನ ಬೇಸಿಗೆ ನಮ್ಮ ರಾಯಚೂರು, ಕಲಬುರಗಿಯವರಿಗೂ ಕಠಿಣವೆನಿಸುವಂಥದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಸೌದಿಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ, ಎಮಿರೇಟ್ಸ್‌ನಲ್ಲಿ 12.30ರಿಂದ 3ರವರೆಗೆ ಬಯಲಿನ ಬಿಸಿಲಲ್ಲಿ ದುಡಿಸಕೂಡದೆಂಬ ನಿಯಮವಿದೆ. ಶೌಚಾಲಯ ದೂರವೆಂದು ನೀರು ಕುಡಿಯದೆ ಇರುವ ಅಭ್ಯಾಸ ಬಹಳ ಕೆಟ್ಟದ್ದು; ಮೂತ್ರಪಿಂಡದಲ್ಲಿ ಕಲ್ಲುಂಟಾಗಲು ಅದೂ ಕಾರಣ. ಮೂತ್ರ ಗಾಢ ಹಳದಿಯಾದರೆ ದೇಹ ನೀರು ಬೇಡುತ್ತಿದೆಯೆಂದು ತಿಳಿಯಬೇಕು. ಬಿಸಿಲಿನಲ್ಲಿ ಜೊತೆಗಾರನ ಮಾತು ತೊದಲಿ, ಮೈ ಸುಡುತ್ತಿದ್ದರೆ ಅವನನ್ನು ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ವರ್ಷ ಎರಡು ವರ್ಷಕ್ಕೊಮ್ಮೆ ಪತಿಯು ರಜೆಯಲ್ಲಿ ಬಂದಾಗ, ಬಯಸದಿದ್ದ ಗರ್ಭ ನಿಂತು, ಪತ್ನಿ ಒಬ್ಬಳೇ ಬಸುರಿ ಬಾಣಂತನ ನಿಭಾಯಿಸಬೇಕಾಗುವುದುಂಟು. ಮುಂದಿನ ಮಗು ಯಾವಾಗ ಎಂಬುದನ್ನು ಅವನು ಬರುವ ಮೊದಲೇ ಇಬ್ಬರೂ ಮಾತಾಡಿಕೊಳ್ಳಬೇಕು. ಪತಿ ಬಂದ ದಿನ ಒಂದು ಮಾತ್ರೆ ನುಂಗಿದರೆ ರಕ್ಷಣೆ ದೊರೆಯದು. ಮಾಲಾ-ಎನ್‌ ಮಾತ್ರೆಯನ್ನು ಮುಂಚಿತವಾಗಿಯೇ ಆರಂಭಿಸಿ ದಿನವೂ ನುಂಗಬೇಕು. ಅದು ತಮಗೆ ಹೊಂದುವುದೇ ಎಂದು ಆರೋಗ್ಯ ಸಹಾಯಕಿಯನ್ನು ಕೇಳಬೇಕು. ಅಗಲಿಕೆ ಹೆಚ್ಚಾಗಿರುವ ಮನೆಗಳಿಗೆ ಕಾಪರ್-ಟಿ ಅನುಕೂಲವೆಂದು ನಮ್ಮ ಅಭಿಪ್ರಾಯ. 380-ಎ ಎಂಬ ಬಗೆಯದು ಹತ್ತು ವರ್ಷ ಕೆಲಸ ಮಾಡುತ್ತದೆ, ಮಗು ಬೇಕೆನಿಸಿದಾಗ ತೆಗೆಸಬಹುದು. ನಿರೋಧ್‌ ಅಂತೂ ಯಾವಾಗಲೂ ಉಂಟು.

ಸರ್ಕಾರದ ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಅಪಘಾತದಲ್ಲಿ ಮರಣ ಸಂಭವಿಸಿದರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ದೊರೆಯುತ್ತದೆ. ವಿಮಾಪತ್ರ, ಪಾಸ್‌ಪೋರ್ಟ್‌, ವೀಸಾ ಮತ್ತು ಕೆಲಸದ ಕರಾರು ಇವುಗಳ ಒಂದೊಂದು ಪ್ರತಿಯನ್ನು ಪತ್ನಿಯು ಮನೆಯ ಟ್ರಂಕಿನಲ್ಲಿ ಜೋಪಾನವಾಗಿ ಇರಿಸಿಕೊಳ್ಳಬೇಕು. ವಿಮೆಯಲ್ಲಿ ವಾರಸುದಾರರ ಜಾಗದಲ್ಲಿ ಯಾರ ಹೆಸರಿದೆ ಎಂಬುದನ್ನು ಪತಿ ಹೊರಡುವ ಮೊದಲೇ ಓದಿಸಿ ಕೇಳಿಕೊಳ್ಳಬೇಕು.