ಆರೋಗ್ಯ ಪ್ರಶ್ನೋತ್ತರ: ಬೀಫ್ ಬನ್ನು, ಕರಗಿದ ಚೀಸು, ಒಲೆ ಮೇಲೆ ರಾತ್ರಿ ಕಳೆದ ಪಾತ್ರೆ

ಹುಟ್ಟುಹಬ್ಬ, ಕ್ರಿಸ್‌ಮಸ್, ಹೊಸ ವರ್ಷ ಹತ್ತಿರವಾದಂತೆ ಊಟದ ಬಗೆಗಿನ ಪತ್ರಗಳು ಹೆಚ್ಚುತ್ತವೆ. ಈ ಸಲ ಉತ್ತರ ಬೆಂಗಳೂರಿನ ಓದುಗರು ಬರೆದವುಗಳಲ್ಲಿ ಮಾಂಸದಡುಗೆಗೆ ಸಂಬಂಧಿಸಿದ ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗನ ಹುಟ್ಟುಹಬ್ಬಕ್ಕೆ ನಲವತ್ತು ಜನ ಬರುತ್ತಾರೆ. ನಾಲ್ಕು ಕೆ.ಜಿ. ಬೀಫ್ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಬನ್ನಿಗೆ ತುಂಬಿ, ಮೇಲೆ ಚೀಸ್ ಹಾಕಿ ಓವನ್‌ನಲ್ಲಿ ಬಿಸಿ ಮಾಡಿ ಕೊಡುವ ಯೋಚನೆ. ಶನಿವಾರ ರಾತ್ರಿಯೇ ಬೇಯಿಸಿ ಮುಚ್ಚಿಟ್ಟು, ಭಾನುವಾರ ಬೆಳಗ್ಗೆ ಇನ್ನೊಂದು ಕುದಿ ಬರಿಸಿದರೆ ಸಂಜೆಗೆ ಸರಿಯಲ್ಲವೇ? ಬಿಸಿ ಪದಾರ್ಥ ಫ್ರಿಜ್‌ಗೆ ಇಟ್ಟರೆ ಕೆಡುತ್ತದೆ ಎನ್ನುತ್ತಾರೆ ಅತ್ತೆ.
– ಗೃಹಿಣಿ, ಸಹಕಾರ ನಗರ

ಉತ್ತರ: ಸರಿಯಲ್ಲ. "ಇನ್ನೊಂದು ಕುದಿ ಬರಿಸಿದರೆ ಎಲ್ಲ ಸರಿಹೋಗುತ್ತದೆ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇದನ್ನು ನಂಬಿದವರ ಮನೆಯ ಅತಿಥಿಗಳೇ ಸೋಮವಾರ ಬೆಳಗ್ಗೆ ನನ್ನ ಕ್ಲಿನಿಕ್‌ನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಾರೆ.

ಮಾಂಸದಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ನಮ್ಮ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಇದೂ ನೆನಪಿರಲಿ. ನಾಲ್ಕು ಕೆ.ಜಿ. ಮಾಂಸದ ದೊಡ್ಡ ಡಬರಿಗೆ ಮುಚ್ಚಳ ಹಾಕಿ ಒಲೆಯ ಮೇಲೇ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. 40–45 ಡಿಗ್ರಿಯ ಆ ಬೆಚ್ಚನೆಯಲ್ಲಿ ಬೀಜಾಣು ಒಡೆದು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಎಷ್ಟಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ. ವಾಸನೆ ಬರುವುದಿಲ್ಲ, ರುಚಿ ಕೆಡುವುದಿಲ್ಲ.

ಕುಕ್ಕರ್‌ನ 120 ಡಿಗ್ರಿ ಶಾಖಕ್ಕೆ ಈ ಬೀಜಾಣುಗಳ ಆಟ ನಡೆಯದು, ನಿಜ. ಆದರೆ ಕುಕ್ಕರ್ ತೆರೆದ ಮೇಲೆ ನೀವು ಮಾಡುವ ಕೆಲಸ ನೋಡಿ: ಹತ್ತು ಬೆರಳಿನಲ್ಲಿ ಒಂದೊಂದೇ ನಾರು ಬಿಡಿಸುತ್ತೀರಿ. ಬೆರಳ ತುದಿಯಲ್ಲಿ ಸಣ್ಣ ಗಾಯವಿದ್ದರೆ, ಉಗುರುಸುತ್ತು ಇದ್ದರೆ, ಕೈ ಒಮ್ಮೆ ಮೂಗಿಗೆ ಹೋಗಿ ಬಂದರೆ ಸ್ಟೆಫೈಲೊಕಾಕಸ್ ಎಳೆ ಎಳೆಗೂ ಹತ್ತುತ್ತದೆ. ಅದು ಬೆಳೆದು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಹಾಗಾಗಿ ಬಿಡಿಸುವುದಕ್ಕೆ ಎರಡು ಫೋರ್ಕ್ ಸಾಕು. ಮನೆಯಲ್ಲಿ ಯಾರಿಗಾದರೂ ಭೇದಿ ಇದ್ದರೆ ಅಂದು ಅವರು ಅಡುಗೆಮನೆಗೇ ಬರಬಾರದು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ 16 ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು. ತಪಾಸಣೆಯಲ್ಲಿ ಸಿಕ್ಕಿದ್ದು ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ಅದು ಹರಡುವ ಮುಖ್ಯ ದಾರಿ ಶೌಚದ ನಂತರ ಸರಿಯಾಗಿ ತೊಳೆಯದ ಕೈ.

ಇನ್ನು ಮಾಡುವ ಕ್ರಮ. ಕರ್ನಾಟಕದಲ್ಲಿ 2020ರ ಕಾಯ್ದೆಯ ನಂತರ ಹಸು, ಎತ್ತು, ಕರುಗಳ ವಧೆಗೆ ನಿಷೇಧವಿದೆ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅನುಮತಿ. ಎಂದರೆ ಅಂಗಡಿಯಲ್ಲಿ ಬೀಫ್ ಎಂದು ಸಿಗುವುದು ವಯಸ್ಸಾದ ಪ್ರಾಣಿಯ ಗಟ್ಟಿ ನಾರು. ಭುಜದ ಭಾಗ ಕೇಳಿ ತೆಗೆದುಕೊಂಡು, ಕುಕ್ಕರ್‌ನಲ್ಲಿ ಎರಡು ಮೂರು ಸರದಿಯಾಗಿ, ಚಮಚ ಒತ್ತಿದರೆ ಬಿಡುವಷ್ಟು ಬೇಯಿಸಿ. ಬಿಸಿಯಿದ್ದಾಗಲೇ ಬಿಡಿಸಿ, ಅಗಲ ತಟ್ಟೆಗಳಲ್ಲಿ ಎರಡು ಇಂಚಿಗಿಂತ ದಪ್ಪವಾಗದಂತೆ ಹರಡಿ. ಹೊಗೆಯಾಡುವುದು ನಿಂತ ಕೂಡಲೇ, ಎರಡು ಗಂಟೆಯೊಳಗೆ, ಫ್ರಿಜ್‌ಗೆ ಹೋಗಲಿ. ನಿಮ್ಮ ಅತ್ತೆಯವರ ಮಾತು ಫ್ರಿಜ್ ಹೊಸದಾಗಿ ಬಂದ ಕಾಲದ್ದು. ತೆಳುವಾಗಿ ಹರಡಿದ ಬೆಚ್ಚನೆಯ ಮಾಂಸ ಇಟ್ಟರೆ ಈಗಿನ ಫ್ರಿಜ್‌ಗೆ ಏನೂ ಆಗುವುದಿಲ್ಲ. ಭಾನುವಾರ ಸಂಜೆ ಬನ್ನಿಗೆ ತುಂಬುವ ಮೊದಲು ಮಾಂಸವನ್ನು ಬಾಣಲೆಯಲ್ಲಿ ಅದರದೇ ರಸದ ಜೊತೆ ಹೊಗೆ ಏಳುವಷ್ಟು ಬಿಸಿ ಮಾಡಿ. ತಣ್ಣನೆಯ ಮಾಂಸ ತುಂಬಿ ಓವನ್‌ಗೆ ಇಟ್ಟು "ಚೀಸ್ ಕರಗಿತು, ಆಯಿತು" ಎನ್ನಬೇಡಿ. ಚೀಸ್ 60 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ನೂಲಾಗುತ್ತದೆ. ಒಳಗಿನ ಮಾಂಸ 75 ಮುಟ್ಟಬೇಕು. ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಂದು ತರಿಸಿಕೊಳ್ಳಿ.

ಹಸಿ ಮೊಟ್ಟೆಯ ಮೇಯನೇಸ್ ಬೇಡವೇ ಬೇಡ. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಎರಡು ಗಂಟೆ ಮೇಜಿನ ಮೇಲೆ ಕೂತ ಬನ್ನುಗಳನ್ನು ಕಟ್ಟಿ ಯಾರಿಗೂ ಕೊಡಬೇಡಿ. ಮಗನಿಗೆ ಶುಭಾಶಯ.

ಪ್ರಶ್ನೆ: ಮನೆಯ ಪಾರ್ಟಿಯ ಮರುದಿನ ನಾಲ್ಕು ಜನಕ್ಕೆ ಹೊಟ್ಟೆನೋವು, ಭೇದಿ. ಎಲ್ಲರಿಗೂ ಮೆಡಿಕಲ್ ಸ್ಟೋರ್‌ನಿಂದ ಆ್ಯಂಟಿಬಯಾಟಿಕ್ ತಂದು ಎರಡೆರಡು ಮಾತ್ರೆ ಕೊಟ್ಟೆ. ಸಂಜೆಗೆ ವಾಸಿಯಾಯಿತು. ಮುಂದೆಯೂ ಇದೇ ಸಾಕಲ್ಲವೇ?
– ಯಶವಂತಪುರ

ಉತ್ತರ: ವಾಸಿಯಾಗಿದ್ದು ಮಾತ್ರೆಯಿಂದ ಅಲ್ಲ. ಇಂಥ ಭೇದಿ ಬಹುತೇಕ ಒಂದು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ. ನಿಮ್ಮ ಆ್ಯಂಟಿಬಯಾಟಿಕ್ ಹೆಸರು ಪಡೆಯಿತು, ಅಷ್ಟೆ. ಎರಡು ಮಾತ್ರೆ ಕೊಟ್ಟು ನಿಲ್ಲಿಸುವುದರಿಂದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಪಳಗುತ್ತದೆ, ಮುಂದೆ ನಿಜವಾಗಿ ಬೇಕಾದಾಗ ಅದೇ ಮಾತ್ರೆ ಕೈಕೊಡುತ್ತದೆ. ಬೇಕಿರುವುದು ಓಆರ್‌ಎಸ್. ಪ್ಯಾಕೆಟ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಂಜಿ, ಮಜ್ಜಿಗೆ, ಎಳನೀರು ನಡೆಯಲಿ. ಮಲದಲ್ಲಿ ರಕ್ತ, ಜ್ವರ, ಆರು ಗಂಟೆ ಮೂತ್ರವಿಲ್ಲದಿರುವುದು, ನಿಲ್ಲದ ವಾಂತಿ – ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ರಕ್ತ, ಜ್ವರ ಇದ್ದಾಗ ಭೇದಿ ಕಟ್ಟುವ ಮಾತ್ರೆ ಕೊಡಲೇಬಾರದು. ಮನೆಯಲ್ಲಿ 60 ದಾಟಿದವರು, ಸಕ್ಕರೆ ಕಾಯಿಲೆಯವರು, ಬಿಪಿ ಮಾತ್ರೆ ತಗೊಳ್ಳುವವರು ಇದ್ದರೆ ಒಂದು ದಿನದ ಜೋರು ಭೇದಿಗೂ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. "ಬರೀ ಭೇದಿ" ಎಂದುಕೊಂಡು ಕಿಡ್ನಿ ಕೆಡಿಸಿಕೊಂಡು ಬಂದವರನ್ನು ಕಂಡೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಏರ್ ಶೋ ಹೊತ್ತಿಗೆ ನಮ್ಮ ಕಡೆ ಮಾಂಸದಂಗಡಿ ಮುಚ್ಚಿಸುತ್ತಾರೆ ಎಂದು ಪ್ರತಿಸಲ ಮೊದಲೇ ತಂದು ಫ್ರೀಜರ್ ತುಂಬಿಸುತ್ತೇವೆ. ಒಮ್ಮೆ ಕರೆಂಟ್ ಹೋಗಿ ಅರ್ಧ ಕರಗಿತ್ತು, ಮತ್ತೆ ಗಟ್ಟಿಯಾಯಿತು. ಬಣ್ಣವೂ ಕಪ್ಪಾಗಿತ್ತು. ಎಸೆಯಬೇಕಿತ್ತೇ?
– ಯಲಹಂಕ ನ್ಯೂಟೌನ್

ಉತ್ತರ: ಮಾಂಸದ ಚೂರಿಗೆ ಹದ್ದುಗಳು ಸೇರಿ ವಿಮಾನಕ್ಕೆ ಬಡಿಯಬಾರದೆಂದು ಆ ನಿಷೇಧ. 2025ರ ಏರೋ ಇಂಡಿಯಾ ವೇಳೆ ಜನವರಿ 23ರಿಂದ ಫೆಬ್ರವರಿ 17ರವರೆಗೆ ಯಲಹಂಕ ವಾಯುನೆಲೆಯ ಸುತ್ತ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸ ಮಾರಾಟ ನಿಂತಿತ್ತು. ಮೂರು ವಾರಕ್ಕೂ ಮೀರಿದ ದಾಸ್ತಾನು ಎಂದರೆ ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರಲೇಬೇಕು. ಕಪ್ಪು ಬಣ್ಣಕ್ಕೆ ಹೆದರಬೇಡಿ, ಗಾಳಿ ತಾಗದಿದ್ದರೆ ಹಾಗಾಗುತ್ತದೆ. ಅಂಚಿನಲ್ಲಿ ಬಿಳಿಚಿ ಒಣಗಿದ ಕಲೆಗಳೂ ರುಚಿ ಕೆಡಿಸುತ್ತವೆಯೇ ಹೊರತು ಆರೋಗ್ಯ ಕೆಡಿಸುವುದಿಲ್ಲ. ಒಳಗೆ ಇನ್ನೂ ಐಸ್ ಹರಳು ಇದ್ದಾಗಲೇ ಕರೆಂಟ್ ಬಂದಿದ್ದರೆ ಮಾಂಸ ಕ್ಷೇಮ. ಪೂರ್ತಿ ಮೆತ್ತಗಾಗಿ, ಹೊರಗಿನ ಬಿಸಿಯಲ್ಲಿ ಎರಡು ಗಂಟೆ ದಾಟಿದ್ದರೆ ಎಸೆಯಬೇಕು, ದುಡ್ಡಿನ ಮುಖ ನೋಡಬಾರದು. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು ಎರಡು ದಿನ ತಣ್ಣಗಿರುತ್ತದೆ. ಐದು ನಿಮಿಷಕ್ಕೊಮ್ಮೆ ತೆರೆದು ನೋಡುವುದರಿಂದಲೇ ಕರಗುವುದು.

ಕರಗಿಸುವಾಗ ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಸಿಂಕ್‌ನಲ್ಲಿ ಬಿಟ್ಟು ಆಫೀಸಿಗೆ ಹೋಗುವ ಅಭ್ಯಾಸ ಬಿಡಿ. ಅರಿಶಿನ ಹಚ್ಚಿ ನಲ್ಲಿ ನೀರಿನಲ್ಲಿ ತೊಳೆದರೆ ಕ್ರಿಮಿ ಹೋಗುತ್ತದೆ ಎಂಬುದೂ ಸುಳ್ಳು. ಆ ನೀರು ಸಿಡಿದು ಪಕ್ಕದ ಸೌತೆಕಾಯಿ, ಕೊತ್ತಂಬರಿಗೆ ಕ್ರಿಮಿ ಹತ್ತುತ್ತದೆ, ಅದನ್ನು ನೀವು ಹಸಿಯಾಗಿಯೇ ತಿನ್ನುತ್ತೀರಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಹಿಮೋಗ್ಲೋಬಿನ್ 9.4. ಬೀಫ್, ಚೀಸ್ ತಿಂದರೆ ಮಗುವಿಗೆ ಉಷ್ಣ ಎಂದು ಮುಟ್ಟಲು ಬಿಡುತ್ತಿಲ್ಲ.
– ಜಕ್ಕೂರು

ಉತ್ತರ: ತಿನ್ನಿ, ತಾಯಿ. ಒಳಗೆ ಕೆಂಪು ಉಳಿಯದಂತೆ ಪೂರ್ತಿ ಬೆಂದ ಮಾಂಸ, ಪಾಶ್ಚರೀಕರಿಸಿದ ಹಾಲಿನ ಚೀಸ್, ಎರಡರಿಂದಲೂ ಮಗುವಿಗೆ ತೊಂದರೆಯಿಲ್ಲ. ಮಾಂಸದ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಅರ್ಧ ಬೆಂದದ್ದು, ತಣ್ಣಗಿನದು, ನಿನ್ನೆ ಪಾರ್ಟಿಯಲ್ಲಿ ಮಿಕ್ಕಿದ್ದು ಬೇಡ. ಆದರೆ ಗರ್ಭಿಣಿಗೆ 11 ಇರಬೇಕಾದ ಹಿಮೋಗ್ಲೋಬಿನ್ 9.4 ಇದ್ದರೆ ಬರೀ ಊಟದಿಂದ ಏರುವುದಿಲ್ಲ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಕಾಫಿ, ಟೀ ಜೊತೆ ನುಂಗಬೇಡಿ. ಫೆರಿಟಿನ್ ಮಾಡಿಸಿ, ಒಂದು ತಿಂಗಳ ನಂತರ ಮತ್ತೆ ಹಿಮೋಗ್ಲೋಬಿನ್ ನೋಡಿಸಿ.

ಪ್ರಶ್ನೆ: ಪಾರ್ಟಿಯೊಂದರಲ್ಲಿ ಮಾಂಸದ ಜೊತೆ ಚೀಸ್ ತಿಂದ ನನ್ನ ಏಳು ವರ್ಷದ ಮಗಳ ಕೆನ್ನೆಯ ಮೇಲೆ ಬಿಳಿ ಮಚ್ಚೆ ಎದ್ದಿವೆ. ಮಾಂಸ, ಹಾಲು ಕೂಡಿದರೆ ತೊನ್ನು ಬರುತ್ತದಂತೆ. ಭಯವಾಗಿದೆ.
– ಆರ್.ಟಿ. ನಗರ

ಉತ್ತರ: ತೊನ್ನು ಯಾವ ಊಟದಿಂದಲೂ ಬರುವುದಿಲ್ಲ. ಮೀನು ಹಾಲು, ಮಾಂಸ ಮೊಸರು, ಈಗ ಬೀಫ್ ಚೀಸ್ – ಜೋಡಿ ಬದಲಾದರೂ ಕಥೆ ಅದೇ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬಣ್ಣದ ಕಣಗಳ ಮೇಲೆ ತಿರುಗಿಬೀಳುವುದರಿಂದ ಬರುವ ಕಾಯಿಲೆ ಅದು. ಅಂಟುವುದಿಲ್ಲ. ಈ ಮೂಢನಂಬಿಕೆಯಿಂದ ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿವೆ, ಎಷ್ಟು ತಾಯಂದಿರು "ನಾನೇ ತಿನ್ನಿಸಿದೆ" ಎಂದು ಜೀವನವಿಡೀ ಕೊರಗಿದ್ದಾರೆ! ನೀವು ಆ ಸಾಲಿಗೆ ಸೇರಬೇಡಿ.

ಏಳು ವರ್ಷದ ಮಗುವಿನ ಕೆನ್ನೆಯಲ್ಲಿ ಅಂಚು ಸ್ಪಷ್ಟವಿಲ್ಲದ, ಸಣ್ಣಗೆ ಹೊಟ್ಟಿನಂತೆ ಏಳುವ ಮಚ್ಚೆ ಸಾಮಾನ್ಯವಾಗಿ ಒಣ ಚರ್ಮದ್ದು. ಬೆಂಗಳೂರಿನ ಚಳಿಗಾಲದಲ್ಲಿ ಇದು ಸರ್ವೇಸಾಮಾನ್ಯ, ಎಣ್ಣೆ ಅಥವಾ ಮಾಯಿಶ್ಚರೈಸರ್‌ಗೆ ಬಗ್ಗುತ್ತದೆ. ಜಂತುಹುಳಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಚರ್ಮವೈದ್ಯರಿಗೆ ಒಮ್ಮೆ ತೋರಿಸಿ, ಆ ಜಾಗದಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ಪರೀಕ್ಷಿಸಲಿ. ಸ್ಪರ್ಶವಿಲ್ಲದ ಮಚ್ಚೆ ಕುಷ್ಠದ್ದಿರಬಹುದು. ಬೇಗ ಗುರುತಿಸಿದರೆ ಅದೂ ಪೂರ್ತಿ ವಾಸಿಯಾಗುವ ಕಾಯಿಲೆಯೇ.

ಪ್ರಶ್ನೆ: ವಯಸ್ಸು 42. ಫುಲ್ ಬಾಡಿ ಚೆಕಪ್‌ನಲ್ಲಿ ಯೂರಿಕ್ ಆಸಿಡ್ 7.6 ಬಂತು. ನೋವೇನೂ ಇಲ್ಲ. ಬೀಫ್, ಬೇಳೆ, ಟೊಮೆಟೊ, ಚೀಸ್ ಎಲ್ಲ ಬಿಟ್ಟಿದ್ದೇನೆ. ಗೆಳೆಯ ಹೇಳಿದ ಅಲೋಪ್ಯೂರಿನಾಲ್ ಮಾತ್ರೆ ಶುರು ಮಾಡಿದ್ದೇನೆ.
– ವಿದ್ಯಾರಣ್ಯಪುರ

ಉತ್ತರ: ಕಾಗದದ ಮೇಲಿನ ಅಂಕಿಗೆ ನೀವು ಔಷಧಿ ತಿನ್ನುತ್ತಿದ್ದೀರಿ. ಕೀಲು ಊದದೆ, ಕಿಡ್ನಿಯಲ್ಲಿ ಕಲ್ಲಿಲ್ಲದೆ ಬರೀ 7.6 ಇದ್ದರೆ ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲ. ಆ ಮಾತ್ರೆ ಕೆಲವರಲ್ಲಿ ಚರ್ಮ ಸುಲಿದುಹೋಗುವಂಥ ಭಯಂಕರ ಅಲರ್ಜಿ ಮಾಡುತ್ತದೆ. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಓಡಿ. ಏನೂ ಇಲ್ಲದಿದ್ದರೂ ನಾಳೆಯೇ ವೈದ್ಯರನ್ನು ಕಂಡು ಅದು ಬೇಕೇ ಎಂದು ಕೇಳಿ.

ಬೇಳೆ, ಟೊಮೆಟೊ ಬಿಟ್ಟಿದ್ದು ವ್ಯರ್ಥ. ಹಾಲು, ಮೊಸರು ಯೂರಿಕ್ ಆಸಿಡ್ ಇಳಿಸಲು ನೆರವಾಗುತ್ತವೆ. ಚೀಸ್‌ನ ತಕರಾರು ಅದರ ಉಪ್ಪು ಮತ್ತು ಕೊಬ್ಬಿನದು, ಅಂಥದ್ದು ಮಿತಿಯಲ್ಲಿರಲಿ. ಕಡಿಮೆ ಮಾಡಬೇಕಾದದ್ದು ಬಿಯರ್, ಲಿವರ್, ಕಿಡ್ನಿಯಂಥ ಒಳಾಂಗದ ಮಾಂಸ, ಸಿಹಿ ಪಾನೀಯ, ಹೊಟ್ಟೆಯ ಸುತ್ತಳತೆ. ಪಾರ್ಟಿಯಲ್ಲಿ ಒಂದು ಬೀಫ್ ಬನ್ನು ತಿಂದರೆ ಆಕಾಶ ಬೀಳದು. ಅದರ ಜೊತೆ ಇಳಿಯುವ ನಾಲ್ಕು ಬಿಯರ್ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಬಿಪಿ ಅಳೆಸಿ. ಕ್ರಿಯಾಟಿನಿನ್, ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ರಿಪೋರ್ಟ್ ಮತ್ತು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಹಿಡಿದು ಹೋಗಿ, ಬಿಪಿಗೆ ಕೊಡುವ ಕೆಲವು ಮಾತ್ರೆಗಳೇ ಯೂರಿಕ್ ಆಸಿಡ್ ಏರಿಸುತ್ತವೆ.

ಪ್ರಶ್ನೆ: ತಂದೆಗೆ 68. ಮೊನ್ನೆ ಮನೆಯ ಕಾರ್ಯಕ್ರಮದಲ್ಲಿ ಬೀಫ್ ಸ್ಯಾಂಡ್‌ವಿಚ್ ತಿನ್ನುವಾಗ ಎದೆಯ ನಡುವೆ ಸಿಕ್ಕಿಕೊಂಡಿತು. ಅನ್ನದ ಉಂಡೆ ನುಂಗಿಸಿ, ನೀರು ಕುಡಿಸಿದ ಮೇಲೆ ಇಳಿಯಿತು. ಮೂರು ತಿಂಗಳಲ್ಲಿ ಇದು ಮೂರನೇ ಸಲ. ಹಲ್ಲಿನ ಸೆಟ್ ಹೊಸದು, ಅದಕ್ಕೇ ಇರಬಹುದೇ?
– ಹೆಬ್ಬಾಳ

ಉತ್ತರ: ಹಲ್ಲಿನ ಮೇಲೆ ಹೊರಿಸಿ ಸುಮ್ಮನಿರಬೇಡಿ. ಉದ್ದ ನಾರಿನ ಮಾಂಸ, ಮುದ್ದೆಗಟ್ಟುವ ಬನ್ನು, ಅಂಟುವ ಚೀಸ್ ಸೇರಿದರೆ ಆರೋಗ್ಯವಂತರಿಗೂ ನುಂಗುವುದು ಕಷ್ಟವೇ. ಆದರೆ ಮೂರು ಸಲ ಸಿಕ್ಕಿಕೊಂಡಿದೆ ಎಂದರೆ ಅನ್ನನಾಳ ಎಲ್ಲೋ ಕಿರಿದಾಗಿರಬಹುದು. ಹಳೆಯ ಆ್ಯಸಿಡಿಟಿಯ ಗಾಯ ಇರಬಹುದು, ಗಡ್ಡೆಯೂ ಇರಬಹುದು. ಎಂಡೋಸ್ಕೊಪಿ ಮಾಡದೆ ಯಾರೂ ಹೇಳಲಾರರು. ಅದಾಗುವವರೆಗೆ ಮಾಂಸವನ್ನು ನುಣ್ಣಗೆ ಕೊಚ್ಚಿ ಸಾರಿನಲ್ಲಿ ಕೊಡಿ. ಬನ್ನು, ಬ್ರೆಡ್ ಬೇಡ.

ಸಿಕ್ಕಿಕೊಂಡಾಗ ಅನ್ನದ ಉಂಡೆ, ಬಾಳೆಹಣ್ಣು ತುರುಕುವುದನ್ನು ಇಂದೇ ನಿಲ್ಲಿಸಿ. ಅದು ಕೆಳಗೆ ತಳ್ಳುವ ಬದಲು ಇನ್ನಷ್ಟು ಬಿಗಿಯುತ್ತದೆ, ನಾಳ ಹರಿಯಲೂಬಹುದು. ಉಗುಳು ನುಂಗಲೂ ಆಗದೆ ಬಾಯಲ್ಲಿ ಸುರಿಯುತ್ತಿದ್ದರೆ ನೀರೂ ಕೊಡದೆ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ. ಮಾತು ನಿಂತು, ಉಸಿರು ಕಟ್ಟಿ, ಕೈ ಕತ್ತಿಗೆ ಹೋದರೆ ಅದು ಶ್ವಾಸನಾಳದ್ದು. ಮುಂದಕ್ಕೆ ಬಾಗಿಸಿ ಬೆನ್ನಿಗೆ ಅಂಗೈಯಿಂದ ಐದು ಗುದ್ದು. ಆಗಲೂ ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು ಒಳಗೆ–ಮೇಲಕ್ಕೆ ಐದು ಸಲ ಒತ್ತಿ. ಒಬ್ಬರು 108ಕ್ಕೆ ಫೋನ್ ಮಾಡಲಿ.

ತಂದೆಯವರ ತೂಕ ಇಳಿದಿದೆಯೇ ಎಂದು ನೀವು ಬರೆದಿಲ್ಲ. ಇಳಿದಿದ್ದರೂ ಇಳಿಯದಿದ್ದರೂ ಈ ವಾರವೇ ಎಂಡೋಸ್ಕೊಪಿ ಆಗಬೇಕು. ದಯವಿಟ್ಟು ಹಬ್ಬ ಮುಗಿಯಲಿ ಎಂದು ಮುಂದೂಡಬೇಡಿ.