ಕಟ್ಟಡದ ವಯಸ್ಸು ಕೇಳಿ, ಬಾಲ್ಕನಿ ಆಮೇಲೆ ನೋಡಿ

ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಭದ್ರಾವತಿಯ ಹುಡುಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಫೋನ್ ತೋರಿಸಿದಳು. "ಅಕ್ಕ, ನಮ್ಮ ಓನರ್ ಮುಂದಿನ ತಿಂಗಳಿಂದ ಬಾಡಿಗೆ ಮುನ್ನೂರೈವತ್ತು ಡಾಲರ್ ಜಾಸ್ತಿ ಅಂತ ವಾಟ್ಸ್ಆ್ಯಪ್ ಮಾಡಿದಾರೆ. ಹೀಗೆಲ್ಲ ಏರಿಸಬಹುದಾ?" ಗಂಡ ಹೆಂಡತಿ ಟೊರಾಂಟೊಗೆ ಬಂದು ವರ್ಷ ತುಂಬುತ್ತಾ ಬಂದಿದೆ. ಮನೆಯಿರುವುದು ಎಟೋಬಿಕೋದ ಹೊಸ ಕಾಂಡೋದಲ್ಲಿ, 2,150 ಡಾಲರ್ ಬಾಡಿಗೆಗೆ. ಅಷ್ಟು ಏರಿಸಬಹುದು ಎಂದು ಹೇಳುವಾಗ ನನಗೆ ಹೊಟ್ಟೆ ಉರಿಯಿತು. ಮನೆ ತೋರಿಸಿದ ಏಜೆಂಟು ಜಿಮ್ ತೋರಿಸಿದ್ದಾನೆ, ಪಾರ್ಟಿ ಹಾಲ್ ತೋರಿಸಿದ್ದಾನೆ. ಹೇಳಬೇಕಾದ ಮಾತೊಂದನ್ನು ಮಾತ್ರ ಹೇಳಿಲ್ಲ.

ಒಂಟಾರಿಯೊದಲ್ಲಿ ಬಾಡಿಗೆ ಏರಿಕೆಗೆ ಸರಕಾರದ ಮಿತಿ ಇದೆ ಎಂದು ಬಂದವರಿಗೆಲ್ಲ ಯಾರೋ ಹೇಳಿರುತ್ತಾರೆ. ಮಿತಿ ಇರುವುದು ನಿಜ. 2025ಕ್ಕೆ ಶೇ 2.5 ಇತ್ತು, 2026ಕ್ಕೆ ಶೇ 2.1. ಅದನ್ನು ಮೀರಬೇಕಾದರೆ ಓನರ್ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡಿನ ಒಪ್ಪಿಗೆ ಪಡೆಯಬೇಕು. ಆದರೆ 2018ರ ನವೆಂಬರ್ 15ರ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಮನೆಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಅಂಥ ಮನೆಗೆ ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ಏರಿಸಬಹುದು. ಈಚೆಗೆ ಹೊಸದಾಗಿ ಮಾಡಿಸಿದ ಬೇಸ್‌ಮೆಂಟ್ ಮನೆಗಳೂ ಎಷ್ಟೋ ಸಲ ಇದೇ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಮನೆ ನೋಡಲು ಹೋದಾಗ ನಿಮ್ಮ ಮೊದಲ ಪ್ರಶ್ನೆ ಇದಾಗಲಿ: ಇಲ್ಲಿ ಮೊದಲ ಸಲ ಜನ ವಾಸಕ್ಕೆ ಬಂದದ್ದು ಯಾವ ವರ್ಷ? ಬಾಯಲ್ಲಿ ಹೇಳಿದ್ದು ಸಾಲದು, ಈಮೇಲಿನಲ್ಲಿ ಉತ್ತರ ತರಿಸಿಕೊಂಡು ಇಟ್ಟುಕೊಳ್ಳಿ. ಕೆಳಗೆ ಕೂತಿರುವ ಸೆಕ್ಯುರಿಟಿಯವರನ್ನೂ ಒಂದು ಮಾತು ಕೇಳಿ.

ಆ ಹುಡುಗಿಗೆ ಕಾಂಡೋ ನೋಡಿದ ವಾರವೇ ಸ್ಕಾರ್ಬರೋದಲ್ಲಿ ಹಳೆಯ ಬಾಡಿಗೆ ಕಟ್ಟಡವೊಂದರಲ್ಲಿ 2,250ಕ್ಕೆ ಮನೆ ಸಿಕ್ಕಿತ್ತಂತೆ, ಹೀಟಿಂಗೂ ನೀರೂ ಅದರಲ್ಲೇ ಸೇರಿ. ನೂರು ಡಾಲರ್ ಉಳಿಯಿತೆಂದು ಕಾಂಡೋ ಹಿಡಿದರು. ಈಗ ಕಾಂಡೋ 2,500 ಆಗುತ್ತಿದೆ. ಆ ಹಳೆ ಮನೆ ಶೇ 2.5 ಏರಿದ್ದರೂ 2,306ರ ಆಸುಪಾಸಿನಲ್ಲಿ ಇರುತ್ತಿತ್ತು. ಮೂರನೇ ವರ್ಷ ಕಾಂಡೋ ಎಷ್ಟಕ್ಕೆ ಹೋಗುತ್ತದೋ ಹೇಳುವವರಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಹಳೆ ಕಟ್ಟಡದಲ್ಲೂ ಹೊಸ ಬಾಡಿಗೆದಾರರಿಗೆ ಓನರ್ ತನಗೆ ತೋಚಿದ ಬಾಡಿಗೆ ಹೇಳಬಹುದು. ಮಿತಿ ಶುರುವಾಗುವುದು ನೀವು ಒಳಗೆ ಕಾಲಿಟ್ಟ ಮೇಲೆ. ಮೊದಲ ವರ್ಷದ ಬಾಡಿಗೆಯೊಂದನ್ನೇ ಹೋಲಿಸಿ ನೋಡಿ ಮೋಸ ಹೋಗಬೇಡಿ.

"ಹಳೇ ಬಿಲ್ಡಿಂಗಾ?" ಎಂದು ಮುಖ ಕಿವುಚುವವರನ್ನು ಕಂಡರೆ ನನಗೆ ತಡೆಯುವುದಿಲ್ಲ, ಅದರಲ್ಲೂ ನಮ್ಮ ಭದ್ರಾವತಿಯವರು ಹಾಗೆಂದರೆ. 1923ರಲ್ಲಿ ಶುರುವಾದ ಕಾರ್ಖಾನೆಯ ಊರು ನಮ್ಮದು. ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ, ಪೇಪರ್ ಟೌನಿನಲ್ಲಿ ಎಷ್ಟು ಸಂಸಾರಗಳು ಹಳೆ ಮನೆಗಳಲ್ಲೇ ಮಕ್ಕಳನ್ನು ಓದಿಸಿ, ಮದುವೆ ಮಾಡಿ, ಶಿವಮೊಗ್ಗದ ಗೋಪಾಳದಲ್ಲೋ ವಿನೋಬನಗರದಲ್ಲೋ ಸೈಟು ತೆಗೆದುಕೊಂಡವು! ಮನೆ ಹಳೆಯದೆಂದು ಯಾರೂ ಹಬ್ಬ ಬಿಡಲಿಲ್ಲ. ಇಲ್ಲಿನ ಥಾರ್ನ್‌ಕ್ಲಿಫ್ ಪಾರ್ಕ್, ಫ್ಲೆಮಿಂಗ್ಡನ್ ಪಾರ್ಕ್‌ಗಳಲ್ಲಿ 1960ರ ದಶಕದಲ್ಲಿ ಎದ್ದ ಗೋಪುರಗಳಿಗೆ ಒಮ್ಮೆ ಹೋಗಿ ನೋಡಿ. ರೂಮುಗಳು ದೊಡ್ಡವು, ಅಡುಗೆಮನೆ ಹೆಚ್ಚಾಗಿ ಬೇರೆಯೇ ಇರುತ್ತದೆ. ಕಾಂಡೋದಲ್ಲಿ ಸೋಫಾದ ಪಕ್ಕದಲ್ಲೇ ಒಲೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ, ಮಲಗಿದ ಮಗು ಎದ್ದು ಅಳುತ್ತದೆ.

ಹಳೆ ಕಟ್ಟಡದಲ್ಲಿ ಜಿರಲೆ ಕಾಟ ಇರಬಹುದು, ಇಲ್ಲವೆನ್ನುವುದಿಲ್ಲ. ಸಿಂಕಿನ ಕೆಳಗಿನ ಬಾಗಿಲು ತೆಗೆದು ಫೋನಿನ ಟಾರ್ಚ್ ಹಾಕಿ ನೋಡಿ. ಫ್ರಿಜ್ಜಿನ ಹಿಂದೆ ನೋಡಿ. ಎಲ್ಲ ನಲ್ಲಿಗಳನ್ನೂ ಬಿಟ್ಟು ಬಿಸಿನೀರು ಬರಲು ಎಷ್ಟು ಹೊತ್ತಾಗುತ್ತದೆಂದು ಗಮನಿಸಿ. ಮೂರು ಅಥವಾ ಹೆಚ್ಚು ಮಹಡಿ, ಹತ್ತು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳೆಲ್ಲ ಟೊರಾಂಟೊ ನಗರಾಡಳಿತದ ರೆಂಟ್‌ಸೇಫ್‌ಟಿಓ ಎಂಬ ಯೋಜನೆಯಲ್ಲಿ ನೋಂದಣಿಯಾಗಿರಬೇಕು. ತಪಾಸಣೆಯಲ್ಲಿ ಯಾವ ಕಟ್ಟಡಕ್ಕೆ ಎಷ್ಟು ಅಂಕ ಬಂದಿದೆ ಎಂಬುದು ನಗರಾಡಳಿತದ ಜಾಲತಾಣದಲ್ಲಿ ಸಿಗುತ್ತದೆ. ವಿಳಾಸ ಹಾಕಿ ನೋಡಿ, ಆಮೇಲೆ ಬಸ್ಸು ಹತ್ತಿ.

ಅಡ್ವಾನ್ಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಊರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣದ ದುಡ್ಡು ಮುರಿಸಿಕೊಂಡು ಬಂದವರಿಗೆ ಇಲ್ಲಿ ಆರು ತಿಂಗಳದ್ದು ಕೇಳಿದರೂ ಕಡಿಮೆ ಅನ್ನಿಸುತ್ತದೆ. ಕಾನೂನು ಬೇರೆಯೇ ಇದೆ. ಮೊದಲ ತಿಂಗಳ ಬಾಡಿಗೆ, ಜೊತೆಗೆ ಕೊನೆಯ ತಿಂಗಳಿಗೆಂದು ಒಂದು ತಿಂಗಳದ್ದು, ಅಷ್ಟೇ. ಬಣ್ಣ, ಗೋಡೆ ಹಾಳಾದೀತು ಎಂದು ಡೆಪಾಸಿಟ್ ಕೇಳುವ ಹಾಗಿಲ್ಲ. ಊರಿನಲ್ಲಿ ಕೂತು, ಯಾರೂ ಕಣ್ಣಾರೆ ನೋಡದ ಮನೆಗೆ ಒಂದು ಡಾಲರನ್ನೂ ಕಳಿಸಬೇಡಿ.

ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟಿನ ಅಭ್ಯಾಸವೂ ಇಲ್ಲಿ ತೊಂದರೆ ಕೊಡುತ್ತದೆ. ವರ್ಷ ಮುಗಿಯಿತು, ಹೊಸ ಅಗ್ರಿಮೆಂಟ್ ಆಗದಿದ್ದರೆ ಮನೆ ಬಿಡಬೇಕು ಎಂದು ಪೆಟ್ಟಿಗೆ ಕಟ್ಟಲು ಶುರುಮಾಡುತ್ತಾರೆ. ಬೇಕಿಲ್ಲ. ಅವಧಿ ಮುಗಿದ ಮೇಲೆ ಒಪ್ಪಂದ ತಾನಾಗಿಯೇ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಇನ್ನೊಂದು ವರ್ಷಕ್ಕೆ ಸಹಿ ಹಾಕಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಎನ್11 ಎಂಬ ಫಾರಂ ಮುಂದಿಟ್ಟರೆ ಪೆನ್ನು ಮುಟ್ಟಬೇಡಿ, ಅದು ಮನೆ ಬಿಡುತ್ತೇವೆಂದು ನೀವೇ ಒಪ್ಪಿ ಬರೆದುಕೊಡುವ ಕಾಗದ.

ಈಗ ಹೊಸ ಕಾಂಡೋ ಹಿಡಿದಾಗಿದೆ, ಬಾಡಿಗೆ ಏರಿಸುತ್ತೇವೆಂದು ಮೆಸೇಜ್ ಬಂದಾಗಿದೆ ಎನ್ನುವವರಿಗೆ ಒಂದು ಮಾತು. ಮಿತಿ ಇಲ್ಲದಿದ್ದರೂ ವಿಧಾನ ಇದೆ. ನೀವು ಬಂದು, ಅಥವಾ ಹಿಂದಿನ ಸಲ ಏರಿಸಿ, ಹನ್ನೆರಡು ತಿಂಗಳು ಆಗಿರಬೇಕು. ಏರುವ ದಿನಕ್ಕೆ ಕನಿಷ್ಠ 90 ದಿನ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಇಂಥ ಮನೆಗಳಿಗೆ ಅದರ ಫಾರಂ ಎನ್2. ವಾಟ್ಸ್ಆ್ಯಪಿನಲ್ಲಿ ಎರಡು ಸಾಲು ಬರೆದರೆ ಅದು ನೋಟಿಸ್ ಆಗುವುದಿಲ್ಲ. ಆ ಹುಡುಗಿಗೂ ಇದನ್ನೇ ಹೇಳಿದೆ: ಸದ್ಯಕ್ಕೆ ಹಳೆ ಬಾಡಿಗೆಯನ್ನೇ ಕಟ್ಟಿ, ಸರಿಯಾದ ಫಾರಂ ಕೊಡಿ ಎಂದು ಮರ್ಯಾದೆಯಿಂದ ಈಮೇಲ್ ಹಾಕಿ. ಫಾರಂ ಬಂದ ಮೇಲೂ ಮೂರು ತಿಂಗಳ ಸಮಯ ಇರುತ್ತದೆ. ನೀವೇ ಬಿಡುವುದಾದರೆ 60 ದಿನ ಮೊದಲು ಎನ್9 ಕೊಡಬೇಕು, ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಷ್ಟರೊಳಗೆ ಶನಿವಾರ ಒಂದು ದಿನ ಬಿಡುವು ಮಾಡಿಕೊಂಡು ಫೋನ್ ಮಾಡಿ, ಮನೆ ನೋಡಲು ನಾನೇ ಜೊತೆಗೆ ಬರುತ್ತೇನೆ.