ಎದಿ ಉರಿ ಅಂತ ಸುಮ್ಮನ ಕುಂದ್ರಬ್ಯಾಡ್ರಿ

ತುಳಸಿಗೇರಿ ಹನುಮಪ್ಪನ ಊರಾಗ ಶನಿವಾರ ಒಪ್ಪತ್ತು ಮಾಡೋರು ಭಾಳ ಮಂದಿ. ಮುಂಜಾನಿಂದ ಖಾಲಿ ಹೊಟ್ಟಿ, ನಡುನಡುವ ಚಹಾ, ಸಂಜೀಕ ಒಮ್ಮೆಲೆ ರೊಟ್ಟಿ, ಎಣ್ಣೆಗಾಯಿ, ಮ್ಯಾಲೆ ಕೆಂಪ ಚಟ್ನಿ. ರಾತ್ರಿ ಎದಿ ಉರೀಲಿಕ್ಕೇ ಬೇಕು. ಹಿಂಗಾಗಿ ಎದಿಯೊಳಗ ಏನಾದರೂ ‘ಗ್ಯಾಸ್’ ಅಂದುಬಿಡೂದು ನಮಗ ರೂಢಿ ಆಗೇತಿ. ಭಾಳ ಸಲ ಅದು ಖರೇನೂ ಇರತೈತಿ. ಇರಲಾರದ ಆ ಒಂದು ಸಲಕ್ಕ ಈ ನಾಕು ಮಾತು.

• ಉರಿ ಯಾವ ಕಡೆ ಹೋಗತೈತಿ ನೋಡ್ರಿ. ಪಿತ್ತದ ಉರಿ ಎದಿ ಎಲುಬಿನ ಹಿಂದಿಂದ ಗಂಟಲಿಗೆ ಏರತೈತಿ, ಹುಳಿ ತೇಗು ಬರತೈತಿ, ಬಾಯಾಗ ಹುಳಿನೀರು ಬರತೈತಿ. ಮಲಗಿದರ, ಬಗ್ಗಿದರ ಹೆಚ್ಚು, ಎದ್ದು ಕುಂತರ ಕಡಿಮಿ. ಇಳಕಲ್ಲಿನ್ಯಾಗ ಉಂಡ ಕೂಡ್ಲೆ ಮಗ್ಗಕ್ಕ ಬಗ್ಗಿ ಕುಂದ್ರೋರು ಅರ್ಧ ತಾಸು ಅಡ್ಡಾಡಿ ಕುಂದರ್ರಿ, ಬಗ್ಗಿದರ ಹೊಟ್ಟಿ ಒತ್ತಿ ಹುಳಿ ಮ್ಯಾಲೆ ಬರತೈತಿ.

• ಹೃದಯದ್ದು ಉರಿಗಿಂತ ಭಾರ ಅನಸತೈತಿ. ಎದಿ ನಡುವ ಜೋಳದ ಚೀಲ ಇಟ್ಟಂಗ ಒತ್ತತೈತಿ. ಅಲ್ಲಿಂದ ಎಡಗೈಗೆ, ಒಮ್ಮೊಮ್ಮೆ ಎರಡೂ ಕೈಗೆ, ದವಡಿಗೆ, ಬೆನ್ನಿಗೆ ಹರೀತೈತಿ. ತಣ್ಣನ ಬೆವರು, ದಮ್ಮು, ವಾಂತಿ ಬಂದಂಗ ಆಗೂದು ಕೂಡಿದರ ಮತ್ತ ಯೋಚನೆ ಮಾಡಬ್ಯಾಡ್ರಿ.

• ಹೊಲದ ಏರು ಹತ್ತಿದಾಗ ಎದಿ ಹಿಡಿದು, ನಿಂತರ ಬಿಡ್ತು ಅಂದರ ಅದನ್ನ ಊಟದ ಮ್ಯಾಲೆ ಹಾಕಬ್ಯಾಡ್ರಿ. ರಕ್ತನಾಳ ಸಣ್ಣಾಗಿದ್ದರ ದುಡಿದಾಗ ಹೃದಯಕ್ಕ ರಕ್ತ ಸಾಲಂಗಿಲ್ಲ. ಅದೇ ವಾರ ತೋರಿಸ್ರಿ. ಕುಂತಾಗೂ ಬರಾಕ ಹತ್ತಿದರ ಅವತ್ತೇ ಹೋಗ್ರಿ.

• ಸಕ್ಕರಿ ಕಾಯಿಲೆ ಇದ್ದೋರು, ವಯಸ್ಸಾದೋರು, ಹೆಣ್ಣಮಕ್ಕಳು ಎದಿನೋವಿನ ದಾರಿ ಕಾಯಬ್ಯಾಡ್ರಿ. ಸಕ್ಕರಿ ಕಾಯಿಲೆಯೊಳಗ ನರ ಮಂದ ಆಗಿ ನೋವೇ ತಿಳೀದಿರಬಹುದು. ಬರೇ ಸುಸ್ತು, ದಮ್ಮು, ಹೊಟ್ಟಿ ಮ್ಯಾಲಿನ ಸಂಕಟ, ಬೆನ್ನು ಹಿಡಿದಂಗ, ಅಷ್ಟರಾಗೇ ಹಾರ್ಟ್ ಅಟ್ಯಾಕ್ ಬಂದು ಹೋಗತೈತಿ. ತಂಗೀ, ನಿನಗೇ ಹೇಳಾಕತ್ತೀನಿ. ಮನಿಯೋರಿಗೆ ಹಿಂಗಾದರ ಊರೆಲ್ಲಾ ಎಬ್ಬಸ್ತಿ, ನಿನಗಾದಾಗ ಉಳಿದ ಹಿಟ್ಟು ರೊಟ್ಟಿ ಬಡಿದು ಆಮ್ಯಾಲೆ ಹೇಳ್ತಿ. ಹಿಟ್ಟು ಹಾಳಾದರ ಆಗಲಿ, ಒಲಿ ಆರಿಸಿ ಎದ್ದು ಬಾ.

• ಈನೋ ಕುಡಿದು ಪರೀಕ್ಷೆ ಮಾಡಬ್ಯಾಡ್ರಿ. ಹೃದಯದ ನೋವೂ ಒಂದೀಟು ಬಿಟ್ಟು ಮತ್ತ ಬರತೈತಿ, ತೇಗು ಬಂದು ಹಗುರ ಆತು ಅಂದರ ಹೃದಯ ಚಲೋ ಐತಿ ಅಂತಲ್ಲ. ಡಾಕ್ಟರಿಗೂ ಮಾರಿ ನೋಡಿ ಎರಡನ್ನೂ ಬ್ಯಾರೆ ಮಾಡಾಕ ಆಗಂಗಿಲ್ಲ, ಅದಕ್ಕ ಇ.ಸಿ.ಜಿ. ತೆಗೀತಾರ.

• ಹತ್ತು ನಿಮಿಷದಾಗ ಎದಿ ಬಿಗಿತ ಬಿಡದಿದ್ದರ 108ಕ್ಕ ಫೋನ್ ಹಚ್ಚ್ರಿ. ಬೆವರು, ದಮ್ಮು ಇದ್ದರ ಅಷ್ಟೂ ಕಾಯಬ್ಯಾಡ್ರಿ. ‘ಬೆಳಕು ಹರೀಲಿ, ಮಗನ್ನ ಯಾಕ ಎಬ್ಬಿಸೂದು, ಗಾಡಿ ಬಾಡಿಗಿ ಯಾಕ ದಂಡ’ ಅನ್ನೋ ಮಾತು ಬಿಡ್ರಿ. ರಕ್ತ ನಿಂತ ಹೃದಯದ ಮಾಂಸ ತಾಸ ತಾಸಿಗೆ ಸಾಯತೈತಿ, ಸತ್ತದ್ದು ತಿರುಗಿ ಬರಂಗಿಲ್ಲ.

• ಬೈಕಿನ ಹಿಂದ ಕುಂದ್ರಿಸಿಕೊಂಡು ಒಯ್ಯಬ್ಯಾಡ್ರಿ, ನಡು ಹಾದ್ಯಾಗ ಎಚ್ಚರ ತಪ್ಪಿದರ ಹಿಡಿಯೋರಿಲ್ಲ. ತಾನೇ ಗಾಡಿ ನಡಸೂದಂತೂ ಬ್ಯಾಡೇ ಬ್ಯಾಡ.

• ಯಾವ ಆಸ್ಪತ್ರೆಗೆ ಹೋಗಬೇಕು ಅನ್ನೂದನ್ನ ಇವತ್ತೇ ಕೇಳಿ ಇಟಗೊಳ್ರಿ. ತುಳಸಿಗೇರಿಯಿಂದಾದರ ಬಾಗಲಕೋಟೆಗೆ, ನವನಗರದ ಜಿಲ್ಲಾ ಆಸ್ಪತ್ರೆ ಐತಿ, ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಐತಿ. ಬಾದಾಮಿ, ಹುನಗುಂದ ಕಡೆಯೋರು ಮೊದಲು ತಾಲ್ಲೂಕು ಆಸ್ಪತ್ರೆಯೊಳಗ ರಾತ್ರಿ ಇ.ಸಿ.ಜಿ. ತೆಗೀತಾರೇನು ಅಂತ ವಿಚಾರಿಸ್ರಿ. ಓಣಿಯೊಳಗ ಗ್ಯಾಸಿನ ಇಂಜೆಕ್ಷನ್ ಮಾಡಿಸಿಕೊಂಡು ಮನಿಗೆ ಬಂದು ಮಲಗಿದರ, ಉಳಿದ ವ್ಯಾಳ್ಯಾನೂ ಹೋಗತೈತಿ.

• ಮೈ ಗಟ್ಟಿ ಐತಿ, ವಯಸ್ಸು ಸಣ್ಣದೈತಿ ಅಂತ ನಂಬಿ ಕುಂದ್ರಬ್ಯಾಡ್ರಿ. ನಮ್ಮ ಅಪ್ಪು, ಪುನೀತ್ ರಾಜಕುಮಾರ್, 2021ರ ಅಕ್ಟೋಬರ್ 29ಕ್ಕ ಹೃದಯದ ತೊಂದರೆಯಿಂದ ಹೋದಾಗ ಆತಗ 46 ವರ್ಷ. ದಿನಾ ವ್ಯಾಯಾಮ ಮಾಡಿದ ಮೈ ಅದು. ಆತನ ಹೆಸರಿಲೆ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದೈತಿ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯೊಳಗ ತೆಗೆದ ಇ.ಸಿ.ಜಿ.ಯನ್ನ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ಕುಂತಲ್ಲೇ ನೋಡ್ತಾರ, ಬೇಕಾದರ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡಸ್ತಾರ. ಸಾವಿರಾರು ರೂಪಾಯಿದು ಅದು. ನಾಚಬ್ಯಾಡ್ರಿ, ಹೆಸರು ಹೇಳಿ ಕೇಳ್ರಿ.

• ಮೊದಲನೇ ಇ.ಸಿ.ಜಿ. ಚಲೋ ಬಂತು ಅಂತ ಚಪ್ಪಲಿ ಮೆಟ್ಟಿಕೊಂಡು ಹೊಂಡಬ್ಯಾಡ್ರಿ. ಶುರುವಿಗೆ ಅದರಾಗ ಏನೂ ಕಾಣದೇ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗಸ್ರಿ, ಟ್ರೋಪೋನಿನ್ ರಕ್ತ ಪರೀಕ್ಷೆ ಬೇಕೇನು ಅಂತ ಡಾಕ್ಟರಿಗೆ ಕೇಳ್ರಿ.

• ಇ.ಸಿ.ಜಿ. ಕಾಗದ ಝೆರಾಕ್ಸ್ ಮಾಡಿಸಿ ಇಡ್ರಿ, ಫೋನಿನ್ಯಾಗ ಫೋಟೋನೂ ತಕ್ಕೊಳ್ರಿ. ಆ ಕಾಗದದ ಗೆರಿ ಬಿಸಿಲಿಗೆ, ಸೆಕಿಗೆ ಮಾಸಿ ಹೋಗತೈತಿ. ಮುಂದ ಎದಿ ಹಿಡಿದಾಗ ಹಳೇದನ್ನ ಪಕ್ಕಕ್ಕಿಟ್ಟು ನೋಡಿದರ ಹೊಸ ತೊಂದರೆ ಡಾಕ್ಟರಿಗೆ ಲಗೂನ ತಿಳೀತೈತಿ.

• ಆಸ್ಪಿರಿನ್ 300 ಮಿಲಿಗ್ರಾಂ ಗುಳಿಗಿ ಮನ್ಯಾಗ ಇರಲಿ. ಹಾರ್ಟ್ ಅಟ್ಯಾಕ್ ಇರಬಹುದು ಅಂತ 108ರವರು, ಇಲ್ಲಾ ಡಾಕ್ಟರು ಹೇಳಿದರ ಅಗಿದು ನುಂಗಸ್ರಿ, ಅಗಿದರ ಬೇಗ ಕೆಲಸ ಮಾಡತೈತಿ. ಆಸ್ಪಿರಿನ್ ಒಗ್ಗದೋರಿಗೆ, ಹೊಟ್ಟಿ ಹುಣ್ಣಿನಿಂದ ರಕ್ತ ಹೋಗಿದ್ದೋರಿಗೆ ಕೊಡಬ್ಯಾಡ್ರಿ. ನಾಲಿಗಿ ಕೆಳಗ ಇಡೂ ಸಾರ್ಬಿಟ್ರೇಟ್ ಗುಳಿಗಿ ಪಕ್ಕದ ಮನಿಯಿಂದ ಇಸ್ಕೊಂಡು ಹಾಕಬ್ಯಾಡ್ರಿ, ಬಿ.ಪಿ. ಇಳಿದು ಬೀಳ್ತಾರ.

• ಬಿ.ಪಿ. ಗುಳಿಗಿ ‘ಚಲೋ ಅನಸತೈತಿ’ ಅಂತ ದಿನ ಬಿಟ್ಟು ದಿನ ನುಂಗಬ್ಯಾಡ್ರಿ. ಗುಳಿಗಿ ನುಂಗಿದ್ದಕ್ಕೇ ಚಲೋ ಅನಸಿರತೈತಿ.

• ಮೊಣಕಾಲ ನೋವಿಗೆ ಔಷಧ ಅಂಗಡಿಯಿಂದ ದಿನಾ ಗುಳಿಗಿ ತರೋರು ಅದನ್ನ ಡಾಕ್ಟರಿಗೆ ತೋರಿಸ್ರಿ. ಡೈಕ್ಲೋಫೆನಾಕ್ ಅಂಥವು ಹೊಟ್ಟಿ ಸುಡತಾವ, ಹೃದಯಕ್ಕೂ ಒಳ್ಳೇದಲ್ಲ.

• ಖರೇನ ಪಿತ್ತದ ಉರಿ ಅಂತ ಗೊತ್ತಾದರ ರಾತ್ರಿ ಊಟ ಮಲಗೂಕಿಂತ ಮೂರು ತಾಸು ಮೊದಲು ಮುಗಸ್ರಿ. ತಲಿದಿಂಬು ಏರಿಸಿದರ ಹೊಟ್ಟಿ ಮಡಚತೈತಿ, ಅದರ ಬದಲಿ ಮಂಚದ ತಲಿಕಡೆ ಕಾಲಿಗೆ ಇಟ್ಟಂಗಿ ಕೊಡ್ರಿ. ಎಡ ಮಗ್ಗಲಾಗಿ ಮಲಗ್ರಿ. ಸಂಜಿ ಮಿರ್ಚಿ ಭಜಿ, ಕಡಕ್ ಚಹಾ ಕಡಿಮಿ ಮಾಡ್ರಿ. ತಂಬಾಕು, ಗುಟ್ಕಾ ಪೂರ್ತಿ ಬಿಡ್ರಿ, ಹೊಟ್ಟಿಗೂ ಹೃದಯಕ್ಕೂ ಎರಡಕ್ಕೂ ಅದು ವೈರಿ.

• ಎರಡು ವಾರ ಉರಿ ನಿಲ್ಲದಿದ್ದರ, ತುತ್ತು ಗಂಟಲಾಗ ಸಿಗಾಕ ಹತ್ತಿದರ, ಸಂಡಾಸು ಡಾಂಬರಿನಂಗ ಕಪ್ಪಾದರ ಅಂಗಡಿ ಔಷಧ ನಿಲ್ಲಿಸಿ ಡಾಕ್ಟರಿಗೆ ತೋರಿಸ್ರಿ.

• ಮನಿ ಹುಡುಗರಿಗೆ 108 ಹಚ್ಚಿ ಊರಿನ ಹೆಸರು, ಓಣಿ, ಗುಡಿಯ ಗುರುತು ಹೇಳೂದನ್ನ ಕಲಸ್ರಿ. ದೊಡ್ಡವರ ಕೈ ನಡುಗೋ ಹೊತ್ತಿನ್ಯಾಗ ಹುಡುಗರೇ ಚಂದಂಗ ಹೇಳ್ತಾವ.